ಗಾಯರಾಣದಲ್ಲಿ ಹನ್ನೊಂದು ದಿನ

"ನಿಮ್ಮ ಕಡೆ ಅಡವಿ ಇದೆಯೆ?" ಎಂದು ನಮ್ಮವರನ್ನು ಯಾರಾದರೂ ಕೇಳಿದರೆ, ಕೇಳಿದವರ ಮನಸ್ಸಿನಲ್ಲಿರುವ ಅಡವಿಯೇ ಬೇರೆ, ಹೇಳುವವರ ಅಡವಿಯೇ ಬೇರೆ. ಮಲೆನಾಡಿನವರಿಗೆ ಅಡವಿ ಎಂದರೆ ಮರಗಳ ದಟ್ಟಣೆ, ಹಳ್ಳ, ಹುಲಿ. ತಾಂಬಾದ ಒಕ್ಕಲಿಗನಿಗೆ ಅಡವಿ ಎಂದರೆ ಹೊಲ. "ಅಪ್ಪ ಎಲ್ಲಿ?" ಎಂದರೆ "ಅಡವಿಗೆ ಹೋಗ್ಯಾನ" ಎನ್ನುತ್ತೇವೆ, ಹೋದುದು ಜೋಳದ ಹೊಲಕ್ಕೆ ಎಂಬುದು ಕೂಸಿಗೂ ಗೊತ್ತು. ನಮ್ಮ ವಿಜಯಪುರ ಜಿಲ್ಲೆ ಕರ್ನಾಟಕದಲ್ಲಿ ಅತಿ ಕಡಿಮೆ ಅರಣ್ಯವುಳ್ಳ ಜಿಲ್ಲೆಗಳಲ್ಲೊಂದು. ಇಂಥ ಸೀಮೆಯಲ್ಲಿ ಹುಟ್ಟಿದ ನಾನು ಅಪರೂಪದ ಪ್ರಾಣಿಪಕ್ಷಿಗಳ ನೆಲೆಯನ್ನು ಹುಡುಕಿದ ಕಥೆ ಬರೆಯಹೊರಟುದನ್ನು ಕಂಡು ವಾಚಕರು ನಕ್ಕರೆ ತಪ್ಪೇನಿಲ್ಲ. ಮೊದಲು ನಾನೂ ನಕ್ಕವನೇ.

ನಮ್ಮೂರ ಪಡುವಲಿಗೆ ಒಂದು ಗಾಯರಾಣವಿದೆ. ಊರ ದನಕರು ಮೇಯಲೆಂದು ಹಿಂದಿನವರು ಬಿಟ್ಟ ನೆಲ. ನಡುವೆ ಒಂದು ಸಣ್ಣ ಮರಡಿ, ಅದರ ಸುತ್ತ ಕಲ್ಲು ಬೆರೆತ ತೆಳು ಮಣ್ಣು, ಇಳಿಜಾರು ಮುಗಿದಲ್ಲಿ ಎರೆಹೊಲಗಳು. ಬಿತ್ತಿದರೆ ಬೆಳೆಯದ ಇಂಥ ನೆಲಕ್ಕೆ ಕಾಗದಪತ್ರಗಳಲ್ಲಿ 'ಖರಾಬ' ಎಂದು ಹೆಸರು. ನನ್ನ ಮುತ್ಯಾ ತನ್ನ ಆಯುಷ್ಯವನ್ನೆಲ್ಲ ಈ ಖರಾಬಿನಲ್ಲಿ ಕುರಿ ಕಾಯುತ್ತ ಕಳೆದವನು. ಅಪ್ಪನ ನಾಲ್ಕು ಎಕರೆ ಹೊಲ ಅದಕ್ಕೆ ಹತ್ತಿಯೇ ಇದೆ. ಏಳನೆಯ ಇಯತ್ತೆಯವರೆಗೆ ಸೂಟಿ ಬಂತೆಂದರೆ ನಾನೂ ಅಲ್ಲಿ ಕುರಿಗಳ ಹಿಂದೆ ಇರುತ್ತಿದ್ದೆ. ನಮ್ಮ ಮನೆಯಲ್ಲಿ ಮುತ್ಯಾನದು ಹೆಬ್ಬೆಟ್ಟು, ಅಪ್ಪನದು ನಾಲ್ಕನೆಯ ಇಯತ್ತೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲು ನನ್ನನ್ನು ತಿರುಗಿ ಅದೇ ಗಾಯರಾಣಕ್ಕೆ ಇಳಿಸೀತೆಂದು ನಾನು ಎಣಿಸಿರಲಿಲ್ಲ.

ಕಳೆದ ವರ್ಷ ದಸರೆಯ ರಜೆ ಸಮೀಪಿಸಿದಾಗ ನಮ್ಮ ಭೂಗೋಳದ ಅಧ್ಯಾಪಕರು ವರ್ಗದಲ್ಲಿ ಒಂದು ಪ್ರಶ್ನೆ ಹಾಕಿದರು: "ನಿಮ್ಮೂರ ಪಂಚಾಯತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಎಂಬ ಪುಸ್ತಕವನ್ನು ಯಾರಾದರೂ ನೋಡಿದ್ದೀರಾ?" ಯಾರೂ ಕೈ ಎತ್ತಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹುಲ್ಲು, ಪ್ರಾಣಿ, ಪಕ್ಷಿ, ಬೆಳೆಯ ತಳಿ, ಅವುಗಳ ಬಗೆಗೆ ಜನರಿಗಿರುವ ತಿಳಿವಳಿಕೆ, ಇವನ್ನೆಲ್ಲ ಜನರನ್ನೇ ಕೇಳಿ ಬರೆದಿಡಬೇಕು ಎಂದು ಅವರು ವಿವರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಮಾಧವ ಗಾಡ್ಗೀಳರು ಈ ಪದ್ಧತಿಗೆ 1990ರ ದಶಕದಲ್ಲಿ ರೂಪ ಕೊಟ್ಟವರಲ್ಲಿ ಪ್ರಮುಖರು. "ಹೊಲದ ಬೆಳೆಯನ್ನು ಎಲ್ಲರೂ ಬರೆಯುತ್ತಾರೆ. ಗಾಯರಾಣವನ್ನು ಯಾರೂ ಬರೆಯುವುದಿಲ್ಲ. ಈ ರಜೆಯಲ್ಲಿ ನಾವು ಒಂದು ಗಾಯರಾಣವನ್ನು ಬರೆಯೋಣ" ಎಂದರು. ನಾಲ್ವರು ಸಹಪಾಠಿಗಳು ಒಪ್ಪಿದರು. ಊರು ನನ್ನದಾದ್ದರಿಂದ ನಾನು ಒಪ್ಪದೆ ಗತಿಯಿರಲಿಲ್ಲ. ಹುಲ್ಲುಗಳನ್ನು ಗುರುತಿಸಲು ಬೇರೊಂದು ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಎರಡು ದಿನ ಬಂದು ಹೋದರು. ದಸರೆಯಲ್ಲಿ ಎಂಟು ದಿನ, ಸಂಕ್ರಾಂತಿಯ ತರುವಾಯ ಮೂರು ದಿನ, ಹೀಗೆ ಹನ್ನೊಂದು ದಿನ ನಮ್ಮ ಕೆಲಸ ನಡೆಯಿತು.

ಸಮೀಕ್ಷೆ ಎಂದರೆ ದುರ್ಬೀನು ಹಿಡಿದು ತಿರುಗುವುದೆಂದು ತಿಳಿದಿದ್ದೆ. ನಮಗೆ ಮೊದಲು ಸಿಕ್ಕುದು ಮೀಟರು ಉದ್ದದ ನಾಲ್ಕು ಕೋಲು. ಅವನ್ನು ಹುರಿಯಿಂದ ಬಿಗಿದು ಒಂದು ಚೌಕ ಮಾಡಿದೆವು. ಗಾಯರಾಣದ ಈ ತುದಿಯಿಂದ ಆ ತುದಿಗೆ ಗೆರೆ ಹಿಡಿದು ನಡೆಯುವುದು, ಐವತ್ತು ಹೆಜ್ಜೆಗೊಮ್ಮೆ ಚೌಕವನ್ನು ನೆಲಕ್ಕಿಡುವುದು, ಅದರೊಳಗೆ ಇರುವ ಪ್ರತಿಯೊಂದು ಸಸ್ಯವನ್ನೂ ಬರೆಯುವುದು. ಒಮ್ಮೆ ಚೌಕ ಬರಿ ಕಲ್ಲಿನ ಮೇಲೆ ಬಿತ್ತು. ಪಕ್ಕದಲ್ಲಿಯೇ ಹಳದಿ ಹೂವಿನ ತಂಗಡಿ ಗಿಡ ಚೆಂದವಾಗಿ ನಿಂತಿದ್ದಿತು. ನಾನು ಚೌಕವನ್ನು ಮೆಲ್ಲನೆ ಅತ್ತ ಸರಿಸಿದೆ. ಅಧ್ಯಾಪಕರು ಕಂಡರು. "ಲೆಕ್ಕದಂತೆ ಬಿದ್ದಲ್ಲಿ ಇಡಬೇಕು, ಚೆಂದ ಕಂಡಲ್ಲಿ ಅಲ್ಲ" ಎಂದರು. ಇನ್ನೊಂದು ಮಾತನ್ನೂ ಆಗಲೇ ಹೇಳಿದರು: "ಏನೂ ಕಾಣದಿದ್ದರೆ ಸೊನ್ನೆ ಬರೆಯಿರಿ. ಜಾಗ ಖಾಲಿ ಬಿಡಬೇಡಿ. ಖಾಲಿ ಎಂದರೆ ನಾವು ನೋಡಿಲ್ಲ ಎಂದರ್ಥ. ಸೊನ್ನೆ ಎಂದರೆ ನೋಡಿದೆವು, ಇಲ್ಲ ಎಂದರ್ಥ." ಮೂರು ವರ್ಷದ ಬಿ.ಎ.ದಲ್ಲಿ ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಹೆಚ್ಚು ಕಾಡಿದ ಪಾಠ ಇನ್ನೊಂದಿಲ್ಲ.

ಕುರಿ ಕಾಯುವ ಹುಡುಗನೊಬ್ಬ ಎರಡು ದಿನ ನಮ್ಮನ್ನು ದೂರದಿಂದಲೇ ನೋಡಿದ. ಮೂರನೆಯ ದಿನ ಹತ್ತಿರ ಬಂದು, "ಅಣ್ಣಾ, ಬಿ.ಎ. ಅಂದ್ರ ಹುಲ್ಲ ಎಣಸೂದೇನು?" ಎಂದು ಕೇಳಿದ. ನನ್ನ ಮುಖ ಕೆಂಪೇರಿತು. ಆದರೆ ಸಂಜೆಯ ಹೊತ್ತಿಗೆ ಅವನೇ ನಮ್ಮ ಗುರುವಾಗಿದ್ದ. ನಾವು 'ಹುಲ್ಲು' ಎಂದು ಒಂದೇ ಮಾತಿನಲ್ಲಿ ಮುಗಿಸಿದುದನ್ನು ಅವನು ಒಂಬತ್ತಾಗಿ ಬಿಡಿಸಿದ: ಕುರಿ ಮೊದಲು ಬಾಯಿ ಹಾಕುವುದು ಯಾವುದು, ಎಳೆಯದಿದ್ದಾಗ ಮಾತ್ರ ತಿನ್ನುವುದು ಯಾವುದು, ಬಾರಿಗೆಗೆ ಬರುವ ಹಂಚಿ ಯಾವುದು, ಬೇಸಿಗೆಯಲ್ಲಿಯೂ ಬೇರು ಹಿಡಿದಿರುವ ಕರಕಿ ಯಾವುದು. ನಾನು ಅದೇ ನೆಲದಲ್ಲಿ ಬೆಳೆದವನು. ಕಾಲೇಜು ಸೇರಿದ ಮೂರು ವರ್ಷಗಳಲ್ಲಿ ಅರ್ಧ ಹೆಸರು ಮರೆತಿದ್ದೆ. ಒಂದು ಚೌಕದಲ್ಲಿ ಹನ್ನೊಂದು ಬಗೆಯ ಸಸ್ಯ ಬರೆದ ದಿನ, 'ಖರಾಬ' ಎಂದು ಹೆಸರಿಟ್ಟವರು ಎಂದಾದರೂ ಇಲ್ಲಿ ಮೊಣಕಾಲೂರಿ ಕುಳಿತಿದ್ದರೆ ಎಂದು ಯೋಚನೆಯಾಯಿತು. ಗಾಯರಾಣದ ಅಂಚಿನಲ್ಲಿ ಮಾತ್ರ ಚೌಕಕ್ಕೆ ಕೆಲಸವಿರಲಿಲ್ಲ. ಅಮೇರಿಕ ಖಂಡದಿಂದ ಬಂದು ನಮ್ಮಲ್ಲಿ ಬಳ್ಳಾರಿ ಜಾಲಿ ಎನಿಸಿಕೊಂಡ ಮುಳ್ಳುಗಿಡ ಅಲ್ಲಿ ಹಬ್ಬಿದೆ. ಅದರ ಕಾಯಿ ತಿಂದ ಆಡುಗಳೇ ಬೀಜವನ್ನು ಹರಡುತ್ತವೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ.

ಬೆಳಗಿನ ಜಾವದಲ್ಲಿ ಹಕ್ಕಿಗಳ ಸರದಿ. ಗೆರೆಯ ಮೇಲೆ ಸದ್ದಿಲ್ಲದೆ ನಡೆದು ಎಡಬಲಕ್ಕೆ ಕಂಡುದನ್ನು ಬರೆಯಬೇಕು. ಹಿಂದಿನಿಂದ ಹಾರಿ ಬಂದು ಮುಂದೆ ಕುಳಿತುದನ್ನು ಎರಡು ಸಲ ಎಣಿಸಬಾರದು. ನೆಲಗುಬ್ಬಿ, ಗೌಜಲಹಕ್ಕಿ, ಟಿಟ್ಟಿಭ ಎಲ್ಲ ನನ್ನ ಹಳೆಯ ಪರಿಚಯದವು. ಜನವರಿಯಲ್ಲಿ ಮಾತ್ರ ಹೊಸದೊಂದು ಕಂಡಿತು. ಸೂರ್ಯ ಮುಳುಗುವ ಹೊತ್ತಿಗೆ ಉದ್ದ ರೆಕ್ಕೆಯ ಹಕ್ಕಿಗಳು ಹುಲ್ಲಿನ ಮೇಲೆ ತೇಲುತ್ತ ಬಂದು ಒಂದೊಂದಾಗಿ ನೆಲಕ್ಕಿಳಿದವು. ಇವು ಸೆಳೆವ ಎಂಬ ಜಾತಿಯ ಡೇಗೆಗಳು. ಚಳಿಗಾಲಕ್ಕೆ ಮಧ್ಯ ಏಷ್ಯದಿಂದ ಬಂದು ನಮ್ಮ ಮಿಡತೆಗಳನ್ನು ತಿಂದು ಬದುಕುತ್ತವೆ, ರಾತ್ರಿ ಮರದ ಮೇಲಲ್ಲ, ಹುಲ್ಲಿನಲ್ಲಿಯೇ ನೆಲದ ಮೇಲೆ ಮಲಗುತ್ತವೆ. ನಮ್ಮ ಗಾಯರಾಣ ಇಷ್ಟು ದೂರದ ಅತಿಥಿಗಳ ಧರ್ಮಶಾಲೆ ಎಂಬುದು ಹಾಳೆಯಲ್ಲಿ ಬರೆಯುವವರೆಗೆ ನನಗೆ ಗೊತ್ತಿರಲಿಲ್ಲ. ಚಿಗರಿಯ ಹಿಕ್ಕಿ ಕಂಡೆವು; ಒಂದು ಮುಂಜಾನೆ ಹಸಿ ಮಣ್ಣಿನಲ್ಲಿ ತೋಳದ ಹೆಜ್ಜೆಯನ್ನೂ ಕಂಡೆವು. 'ಅಪರೂಪದ ಜಾತಿ' ಎಂಬ ಸಾಲಿನಲ್ಲಿ ಇವನ್ನು ಬರೆದೆವು. ಆ ಸಾಲಿನ ತಲೆಯಲ್ಲಿ ಒಂದು ಹೆಸರನ್ನು ಅಧ್ಯಾಪಕರು ಮೊದಲೇ ಬರೆದಿಟ್ಟಿದ್ದರು. ಅದರ ಮುಂದೆ ದಿನವೂ ಸೊನ್ನೆ ಬೀಳುತ್ತಿದ್ದಿತು.

ಆ ಹೆಸರು ಎರೆಭೂತ. ಕೆಲವೆಡೆ ಎರ್ಲಡ್ಡು ಎನ್ನುತ್ತಾರೆ, ಮರಾಠಿಯಲ್ಲಿ ಮಾಳಢೋಕ. ಸುಮಾರು ಮೀಟರು ಎತ್ತರ. ಗಂಡು ಹದಿನೈದು ಕಿಲೋ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲಿಯೇ ಕೆಲವು. ಮಿಡತೆ, ಹುಳು, ಕಾಳು, ಬಾರಿಹಣ್ಣು ಇದರ ಆಹಾರ. ಗೂಡು ಕಟ್ಟುವುದಿಲ್ಲ, ಬಯಲಿನಲ್ಲಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿಯನ್ನಿಟ್ಟು ಹೆಣ್ಣು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತಷ್ಟೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒಲವಿದ್ದುದು ಈ ಹಕ್ಕಿಯ ಕಡೆಗೆ. ಒಂದು ಕಾಲಕ್ಕೆ ದಖ್ಖನದ ಬಯಲುಗಳಲ್ಲೆಲ್ಲ ಹರಡಿದ್ದ ಇದು 2011ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಬಯಲಿನಲ್ಲಿ ಉಳಿದವು ನೂರೈವತ್ತರ ಆಸುಪಾಸು, ಇಲ್ಲವೆ ಅದಕ್ಕೂ ಕಡಿಮೆ. ಹೆಚ್ಚಿನವೆಲ್ಲ ರಾಜಸ್ಥಾನದ ಜೈಸಲ್ಮೇರದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಈ ಶತಮಾನದಲ್ಲಿಯೂ ಬೆರಳೆಣಿಕೆಯಷ್ಟು ಕಂಡಿವೆ.

ಐದನೆಯ ದಿನ ರಾತ್ರಿ ಮನೆಯ ಕಟ್ಟೆಯ ಮೇಲೆ ಕುಳಿತು ಆ ಹಕ್ಕಿಯ ಚಿತ್ರವನ್ನು ಮೊಬೈಲಿನಲ್ಲಿ ಮುತ್ಯಾನಿಗೆ ತೋರಿಸಿದೆ. ಎಪ್ಪತ್ತೈದು ದಾಟಿದ ಕಣ್ಣು. ಮೊಬೈಲನ್ನು ಮೂಗಿಗೆ ಹತ್ತಿರ ಹಿಡಿದ.

"ಎರೆಭೂತ. ಎಲ್ಲಿ ಸಿಕ್ತು ನಿನಗ?"

"ಸಿಕ್ಕಿಲ್ಲ ಮುತ್ಯಾ, ಬರಿ ಚಿತ್ರ. ನೀ ನೋಡೀಯೇನು?"

"ನೋಡೀನಿ" ಎಂದ. ಬಹಳ ಹೊತ್ತಿನ ಮೇಲೆ, "ನೋಡಿ ಬಿಟ್ಟಿದ್ರ ಛಲೋ ಇತ್ತು" ಎಂದ.

ಅವನು ಹೇಳಿದುದು 1972ರ ಬರದ ಮಾತು. ನಮ್ಮ ಭಾಗದ ಹಿರಿಯರು ಕಾಲವನ್ನು ಅಳೆಯುವುದೇ ಆ ಬರದಿಂದ. ಹಿಂಡಿನಲ್ಲಿ ಅರ್ಧಕ್ಕೂ ಮಿಕ್ಕಿ ಕುರಿ ಸತ್ತಿದ್ದವು. ಅಪ್ಪ ಆಗ ಎರಡು ವರ್ಷದ ಕೂಸು. ಎದ್ದು ನಿಲ್ಲುವ ತ್ರಾಣ ಹೋಗಿದ್ದಿತು. ಶ್ರಾವಣದ ಒಂದು ಮಧ್ಯಾಹ್ನ ಗಾಯರಾಣದ ಮರಡಿಯ ಹಿಂದೆ ಹಕ್ಕಿ ಎದ್ದು ದೂರ ಹೋಗಿ ನಿಂತಿತಂತೆ. "ಗೂಡಿಲ್ಲ, ಏನಿಲ್ಲ. ಬರಿ ನೆಲದ ಮ್ಯಾಲ ಒಂದಽ ತತ್ತಿ. ಅಂಗೈ ತುಂಬ ಇತ್ತು. ತಂದು ಕುದಿಸಿ ನಿಮ್ಮಪ್ಪಗ ತಿನಿಸಿದ್ವಿ. ಮರುದಿನ ಹೋದ್ರ ಹಕ್ಕಿ ಅಲ್ಲೇ ನಿಂತಿತ್ತು. ಮೂರನೇ ದಿನಾನೂ ನಿಂತಿತ್ತು. ಆಮ್ಯಾಲ ನಾ ಆ ಕಡೆ ಕುರಿ ಹೊಡೀಲಿಲ್ಲ."

ಅದೇ 1972ರಲ್ಲಿ ದೆಹಲಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯಿತು. ಎರೆಭೂತ ಅದರ ಮೊದಲ ಅನುಸೂಚಿಯಲ್ಲಿದೆ. ಮುತ್ಯಾನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನು ಬೇರೆ ಏನು ಮಾಡುತ್ತಿದ್ದನೆಂದು ನಾನು ಹೇಳಲಾರೆ. ಆ ಕೂಸು ನನ್ನ ಅಪ್ಪ.

"ನಾವಽ ತಿಂದು ಮುಗಿಸಿದ್ವೇನೋ ತಮ್ಮಾ?" ಎಂದು ಕೇಳಿದ. ನಾನು ಓದಿದಷ್ಟನ್ನು ಹೇಳಿದೆ. ಬೇಟೆಯೂ ತತ್ತಿ ಎತ್ತಿದುದೂ ಕಾರಣವೇ. ವರ್ಷಕ್ಕೆ ಒಂದು ತತ್ತಿ ಇಡುವ ಹಕ್ಕಿಗೆ ಒಂದು ಹೋದರೂ ದೊಡ್ಡ ನಷ್ಟ. ಆದರೆ ಅಷ್ಟೇ ಅಲ್ಲ. ಬಯಲುಗಳು ನೇಗಿಲಿಗೆ ಸಿಕ್ಕವು. ಉಳಿದಲ್ಲಿ ಗಿಡ ನೆಟ್ಟರು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಚಿಗರಿಗಳಿಗಾಗಿ 119 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು, ಎರೆಭೂತವೂ ಅಲ್ಲಿದ್ದಿತು. ಆದರೆ ಅಲ್ಲಿಯ ಬಯಲಿನಲ್ಲಿ ನೀಲಗಿರಿ ಬೆಳೆಯಿತು, ದೂರ ನೋಡಿ ಬದುಕುವ ಹಕ್ಕಿಗೆ ದೂರವೇ ಕಾಣದಾಯಿತು. ಕೊನೆಗೆ ಅದು ಅಲ್ಲಿಂದ ಮರೆಯಾಯಿತು. ನಮ್ಮ ಬರಗಾಲದ ಜಿಲ್ಲೆಗೆ ಮರ ಬೇಕು, ರಸ್ತೆಗೆ ಬೇಕು, ಬದುವಿಗೆ ಬೇಕು. ಹುಲ್ಲಿನ ನೆಲಕ್ಕೆ ಬೇಕಾದುದು ಹುಲ್ಲೇ. ಈಗ ತಂತಿಗಳ ಕಾಲ. ಈ ಹಕ್ಕಿಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ನೇರ ಮುಂದಿನದು ಸರಿಯಾಗಿ ಕಾಣದು. ಭಾರವಾದ ಮೈಯನ್ನು ತಟ್ಟನೆ ತಿರುಗಿಸಲೂ ಆಗದು. ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ನಮ್ಮ ಜಿಲ್ಲೆಯಲ್ಲಿಯೂ ಗಾಳಿಯಂತ್ರಗಳು ಎದ್ದಿವೆ, ತಂತಿಗಳು ಹಬ್ಬಿವೆ. ಆ ತಂತಿಯ ದೀಪದ ಕೆಳಗೆ ಕುಳಿತೇ ನಾನು ಇದನ್ನು ಬರೆಯುತ್ತಿದ್ದೇನೆ. ಆದುದರಿಂದ ಯಾರನ್ನೂ ಬೈಯುವ ಅಧಿಕಾರ ನನಗಿಲ್ಲ. ಜೈಸಲ್ಮೇರ ಜಿಲ್ಲೆಯಲ್ಲಿ 2019ರಿಂದ ಬಯಲಿನ ತತ್ತಿಗಳನ್ನು ಜೋಪಾನವಾಗಿ ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿ ಮಾಡಿಸಿ ಸಾಕುತ್ತಿದ್ದಾರೆ ಎಂದೂ ಹೇಳಿದೆ. ಮುತ್ಯಾ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಅಪ್ಪ, "ಇದನ್ನ ಮಾತ್ರ ಬರೀಬ್ಯಾಡ" ಎಂದ.

ನಾಚಿಕೆಯಿಂದ ಹೇಳುತ್ತಾನೆಂದು ತಿಳಿದೆ. ಅವನ ಭಯ ಬೇರೆ ಇದ್ದಿತು. ನಮ್ಮ ಬೀಗರು ಸೊಲ್ಲಾಪುರದ ಕಡೆಯವರು. ಅಲ್ಲಿಯ ನಾನ್ನಜದಲ್ಲಿ ಇದೇ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯವಾಯಿತು. ಮೊದಲು ಅದರ ಎಲ್ಲೆ ಸುಮಾರು 8,496 ಚದರ ಕಿಲೋಮೀಟರು. ಹಳ್ಳಿಗಳು, ಹೊಲಗಳು ಎಲ್ಲ ಅದರೊಳಗೆ ಬಂದವು. ಭೂಮಿಯ ವ್ಯವಹಾರಗಳಿಗೆ ತೊಡಕಾಗಿ ಜನರ ಅಸಮಾಧಾನ ಬೆಳೆಯಿತು. ಮುಂದೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಗಳೇ ಕಡಿಮೆಯಾಗಿದ್ದವು. ಈಚೆಗೆ ಅಲ್ಲಿ ಒಂದೆರಡು ಕಾಣುವುದೂ ದುರ್ಲಭ. "ಹಕ್ಕಿ ಹೆಸರು ಬರದ್ರ ನಾಳೆ ಹೊಲ ಹೋಗ್ತದ. ನಾಕೆಕರೆ ಮಾರಿ ನಿನ್ನ ತಂಗಿ ಮದವಿ ಮಾಡಬೇಕಂದ್ರ ಯಾರ್ ತಗೋತಾರ?" ಎಂದ. ಹೊಲವಿಲ್ಲದೆ ನನ್ನ ಓದೂ ಇಲ್ಲ ಎಂಬುದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಮರುದಿನ ಹಾಳೆ ತುಂಬುವಾಗ ಎರೆಭೂತದ ಮುಂದೆ ಸೊನ್ನೆ ಬರೆದೆ. ಅದು ನಿಜವೇ ಆಗಿದ್ದಿತು. ನಾವು ನೋಡಿದ್ದೆವು, ಇರಲಿಲ್ಲ. ಆದರೆ ಪಕ್ಕದಲ್ಲಿ 'ಹಿರಿಯರ ಹೇಳಿಕೆ' ಎಂಬ ಮನೆಯೊಂದಿದ್ದಿತು. ಅದನ್ನು ಖಾಲಿ ಬಿಟ್ಟೆ. ಖಾಲಿ ಎಂದರೆ ನಾವು ಕೇಳಿಲ್ಲ ಎಂದರ್ಥ, ನಾನು ಕೇಳಿದ್ದೆ. ಚೆಂದದ ಗಿಡದ ಕಡೆಗೆ ಚೌಕ ಸರಿಸಿದುದಕ್ಕೂ ಇದಕ್ಕೂ ಏನು ಭೇದ? ಎರಡು ದಿನ ಆ ಹಾಳೆ ಚೀಲದಲ್ಲಿಯೇ ಉಳಿಯಿತು. ಕೊನೆಗೆ ಅಧ್ಯಾಪಕರಿಗೆ ಎಲ್ಲವನ್ನೂ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಈ ದಾಖಲೆ ಪಂಚಾಯತಿಯದೇ ಪುಸ್ತಕ, ಅದರಲ್ಲಿ ಒಂದು ಹೆಸರು ಬರೆದ ಮಾತ್ರಕ್ಕೆ ಯಾರ ಹೊಲವೂ ಅಭಯಾರಣ್ಯವಾಗುವುದಿಲ್ಲ ಎಂದರು. ಅಪ್ಪನ ಭಯ ಮೂರ್ಖತನವಲ್ಲ, ಅದನ್ನೂ ಬರೆಯಬೇಕು ಎಂದರು. ಮುತ್ಯಾನನ್ನು ಕೇಳಿದೆ. "ಸುಳ್ಳು ಬರಿಯೂದಾದ್ರ ನನ್ನ ಹೆಬ್ಬೆಟ್ಟಽ ಸಾಕಿತ್ತಲ್ಲೋ, ನೀ ಯಾಕ ಸಾಲಿ ಕಲತಿ?" ಎಂದ.

ಬರೆದೆ. 1972, ಶ್ರಾವಣ, ಮರಡಿಯ ಹಿಂದೆ, ಒಂದು ಹಕ್ಕಿ, ಒಂದು ತತ್ತಿ. ತತ್ತಿಯನ್ನು ಬರಗಾಲದಲ್ಲಿ ಕೂಸಿಗಾಗಿ ತೆಗೆದುಕೊಳ್ಳಲಾಯಿತು. ಮೂರು ದಿನ ಹಕ್ಕಿ ಅಲ್ಲಿಯೇ ಇದ್ದಿತು. ಕೆಳಗೆ ಮುತ್ಯಾ ಹೆಬ್ಬೆಟ್ಟು ಒತ್ತಿದ. ಅದರ ಕೆಳಗೆ, ಹಕ್ಕಿಯ ಹೆಸರಿನಲ್ಲಿ ಹೊಲಕ್ಕೆ ತೊಡಕಾದೀತೆಂದು ರೈತರು ಅಂಜುತ್ತಾರೆ ಎಂದೂ ಬರೆದೆ.

ಜನವರಿಯ ಕೊನೆಗೆ ನಮ್ಮ ಹಾಳೆಗಳನ್ನು ಊರವರ ಮುಂದೆ ಓದಿ ಹೇಳಿದೆವು. ಹುಲ್ಲಿನ ಹೆಸರು ಬಂದಾಗ ಹೆಣ್ಣುಮಕ್ಕಳು ಎರಡು ತಪ್ಪುಗಳನ್ನು ತಿದ್ದಿದರು. ಎರೆಭೂತದ ಹೆಸರು ಬಂದಾಗ ನನ್ನ ದನಿ ಇಳಿಯಿತು. ಆದರೂ ಕೊನೆಯವರೆಗೆ ಓದಿದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ ಎದ್ದು, "ನಾನೂ ನೋಡೀನಿ, ಹಳ್ಳದ ಆಚಿ ದಂಡಿಗೆ" ಎಂದ. ಮತ್ತೊಬ್ಬ ಅದರ ಕೂಗನ್ನು ಕೇಳಿದ್ದನಂತೆ; ದೂರದ ಗುಡುಗಿನಂತೆ ಇರುತ್ತಿತ್ತೆಂದ. ಮೂರನೆಯವನು, "ನಮ್ಮ ಮನ್ಯಾಗೂ ತಿಂದೇವು" ಎಂದ. ಐವತ್ತು ವರ್ಷ ಯಾರೂ ಆಡದ ಮಾತು ಒಂದು ಸಂಜೆಯಲ್ಲಿ ಹೊರಬಿತ್ತು. ನಮ್ಮ ಒಂದು ಸಾಲಿಗೆ ಮೂರು ಸಾಲು ಕೂಡಿದವು. ಮರಡಿಯ ಸುತ್ತಲಿನ ಬಳ್ಳಾರಿ ಜಾಲಿಯನ್ನು ಕಡಿದು ಹುಲ್ಲಿಗೆ ಎಡೆ ಮಾಡೋಣ ಎಂಬ ಮಾತೂ ಆಗ ಎದ್ದಿತು. ಕೆಲಸ ಇನ್ನೂ ಆಗಿಲ್ಲ. ಆಗುವುದೋ ಇಲ್ಲವೋ ಹೇಳಲಾರೆ.

ಅಪ್ಪ ಮೂಲೆಯಲ್ಲಿ ಕುಳಿತಿದ್ದ, ಏನೂ ಆಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ, "ಆ ತತ್ತಿ ರುಚಿ ನನಗ ನೆನಪಽ ಇಲ್ಲ ನೋಡು" ಎಂದ. ಮುತ್ಯಾ ತಲೆ ಎತ್ತಲಿಲ್ಲ. ಅವ್ವ ಇಬ್ಬರಿಗೂ ಇನ್ನೊಂದು ರೊಟ್ಟಿ ಹಾಕಿದಳು.

ಎರೆಭೂತ ನಮ್ಮ ಗಾಯರಾಣಕ್ಕೆ ತಿರುಗಿ ಬಂದೀತೆಂದು ನಾನು ನಂಬಿಲ್ಲ. ಆದರೆ ಸೆಳೆವಗಳು ಬರುತ್ತವೆ. ತೋಳದ ಹೆಜ್ಜೆ ಇದೆ. ಒಂಬತ್ತು ಹೆಸರಿನ ಹುಲ್ಲು ಇದೆ. ಇವುಗಳ ಮುಂದೆ ಸೊನ್ನೆ ಬೀಳುವ ಮೊದಲು ಯಾರಾದರೂ ಬರೆದಿಡಬೇಕು. ನಮ್ಮ ಕಾಲೇಜಿನಲ್ಲಿ ಓದುವವರು ಬಹುಮಟ್ಟಿಗೆ ನನ್ನಂತೆ ಹಳ್ಳಿಗಳಿಂದ ಬಂದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಡೆಯವರ ಮನೆಗಳಲ್ಲಿಯೂ ಒಬ್ಬ ಮುತ್ಯಾ, ಒಬ್ಬ ಆಯಿ ಇದ್ದೇ ಇರುತ್ತಾರೆ. ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹವಿದೆ. ಬರುವ ಸೂಟಿಗೆ ಊರಿಗೆ ಹೋದಾಗ ಅವರ ಬಳಿ ಒಂದು ಸಂಜೆ ಕುಳಿತು, ನಿಮ್ಮೂರ ಖರಾಬಿನಲ್ಲಿ ಹಿಂದೆ ಏನೇನು ಇದ್ದಿತೆಂದು ಕೇಳಿರಿ. ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಿರಿ. ನೋಟುಬುಕ್ಕಿಗೆ ಹತ್ತು ರೂಪಾಯಿ ಸಾಕು. ಅವರಿಗೆ ಮಾತ್ರ ಹೆಚ್ಚು ಸಮಯವಿಲ್ಲ.